ಸರ್ವರ್ ಡೌನ್, ಆರಿಕ್ಕಾಡಿ

ಬೆರಳು ಓದುವ ಮೆಷಿನ್ನಿನ ಪರದೆಯಲ್ಲಿ
ಒಂದು ಪುಟ್ಟ ಚಕ್ರ ಸುತ್ತುತ್ತಲೇ ಇದೆ.
ತಿಂಗಳ ಕೊನೆ. ರೇಷನ್ ಅಂಗಡಿಯ ಮೆಟ್ಟಿಲಿಂದ
ಹೊಸ ಹೈವೇಯ ಗೋಡೆಯವರೆಗೆ ನಾವು,
ಚೀಲಗಳನ್ನು ನಮ್ಮ ಬದಲಿಗೆ ಸಾಲಲ್ಲಿ ನಿಲ್ಲಿಸಿ
ನೆರಳಿಗೆ ಸರಿದವರು.

ಮೂವತ್ತೊಂದು ವರ್ಷ ಚರಿತ್ರೆ ಕಲಿಸಿದೆ.
ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ:
ಟೀಚರ್, ಇದು ಪರೀಕ್ಷೆಗೆ ಉಂಟಾ?

ಇವತ್ತು ಶುರು ಮಾಡಿದವನು ಲೋಡಿಂಗಿನ ಅದ್ರಾಮ.
ಮೊಮ್ಮಗಳ ಪುಸ್ತಕದಲ್ಲಿ ನೋಡಿದನಂತೆ, ನೂರು ವರ್ಷಗಳ ಯುದ್ಧ.
“ಅಲ್ಲ ಟೀಚರೇ, ಐವತ್ತನೇ ವರ್ಷದಲ್ಲಿ
ಅದನ್ನು ಎಂತ ಹೇಳಿ ಕರೀತಿದ್ರು?
ಅರ್ಧ ಮುಗೀತು ಅಂತ ಯಾರಿಗಾದ್ರೂ ಗೊತ್ತಿತ್ತಾ?”
ಅಸಲಿಗೆ ಅದು ನೂರ ಹದಿನಾರು ವರ್ಷ ಎಂದೆ.
“ಹದಿನಾರು ಹೆಚ್ಚಿಗೆ ತೂಗಿದ್ರಾ!”
ತಕ್ಕಡಿಯ ಕಡೆ ನೋಡಿ ನಕ್ಕ.
ಅಂಗಡಿಯ ಸುಧಾಕರ ನಗಲಿಲ್ಲ.

ಆಮೇಲೆ ಹಿಡಿಯುವವರಿಲ್ಲ.
ಮೀನು ಮಾರುವ ಬೀಫಾತುಮ್ಮ ಬುಟ್ಟಿ ಇಳಿಸಿದಳು:
“ಕಲ್ಲಿಕೋಟೆಗೆ ಬಂದ ಪರಂಗಿ ಮೊದಲನೇ ದಿನ
ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದ?
ಬೂತಾಯಿ ಮಾರಲಿಕ್ಕೆ ನನಗೇ ಐದು ಭಾಷೆ ಬೇಕು,
ಬೈಯಲಿಕ್ಕೆ ಇನ್ನೊಂದು.”
ಕೆಂಪು ಮೆಣಸು ಬಂದದ್ದೂ ಅವರ ಹಡಗಿನಲ್ಲೇ ಎಂದೆ.
ಐಸಿನ ಮೀನನ್ನು ತಾಜಾ ಎಂದು ಮಾರುವವಳನ್ನು
ನೋಡುವ ಹಾಗೆ ನನ್ನನ್ನು ನೋಡಿದಳು.
“ಹಾಗಾದ್ರೆ ಅದಕ್ಕೂ ಮೊದಲು ನಮ್ಮ ಸಾರಿಗೆ ಎಂತ ಬಣ್ಣ?”

ಗ್ರೇಸಿ ಮೊಂತೇರೊಗೆ ಬೇರೆಯೇ ಚಿಂತೆ.
ಕ್ರಿಸ್ತಪೂರ್ವದವರು ಹಿಂದೆ ಹಿಂದೆ ಎಣಿಸುತ್ತಿದ್ದರೇ?
ಮೂರು, ಎರಡು, ಒಂದು ಎನ್ನುವಾಗ
ಕರೆಂಟ್ ಬಿಲ್ಲಿನ ಕೊನೇ ದಿನದ ಹಾಗೆ
ಎದೆ ಹೊಡೆದುಕೊಳ್ಳಲಿಲ್ಲವೇ?

ಕೆಂಪುಕಲ್ಲಿನ ಕೋರೆಯಿಂದ ನೇರ ಬಂದ ಜತ್ತಪ್ಪ,
ಹುಬ್ಬಿನ ಮೇಲೆ ಇನ್ನೂ ಕಲ್ಲಿನ ಹುಡಿ:
“ಶಿಲಾಯುಗ ಮುಗೀತು ಅಂತ ಯಾರು ಬಂದು ಹೇಳಿದ್ದು?
ನಮ್ಮ ಕೋರೆಗೆ ಸುದ್ದಿಯೇ ಬರಲಿಲ್ಲ.”
ಎಲ್ಲರೂ ನಕ್ಕು ಮುಗಿಸಿದ ಮೇಲೆ
ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ:
“ಏಳನೆಯಲ್ಲೂ ಇದನ್ನೇ ಕೇಳಿದ್ದೆ ಟೀಚರ್.
ಪೋರ್ಷನ್ ಮುಗಿಸಬೇಕು, ಕೂತ್ಕೊ ಅಂದಿರಿ.”

ಕೂತಿದ್ದ. ಕೊನೇ ಬೆಂಚು, ಕಿಟಕಿಯ ಬದಿ.
ಪೋರ್ಷನ್ ಆ ವರ್ಷವೂ ಮುಗಿದಿರಲಿಲ್ಲ.

ಅಷ್ಟು ಹೊತ್ತೂ ಮಾತಾಡದೆ ಕಟ್ಟೆಯ ಮೇಲೆ ಕೂತಿದ್ದ ಉಮ್ಮಕ್ಕೆ
ಬಾಯಿಯ ಎಲೆಯಡಿಕೆ ಉಗಿದು ಬಂದಳು.
“ಐವತ್ತಾರರ ಅಕ್ಟೋಬರ್, ಕೊನೇ ರಾತ್ರಿ,
ಅಮ್ಮನಿಗೆ ನೋವು ಸುರುವಾದದ್ದು. ಆಗ ಇದು ಮದ್ರಾಸು.
ಕೋಳಿ ಕೂಗುವಾಗ ನಾನು ಹುಟ್ಟಿದೆ, ಕೇರಳದಲ್ಲಿ.
ಅಮ್ಮ ಚಾಪೆ ಬಿಟ್ಟು ಎದ್ದಿರಲೇ ಇಲ್ಲ.
ನಡುವೆ ನಾನು ಎಲ್ಲಿದ್ದೆ?”

ಪಾಠದಲ್ಲಿ ಆ ರಾತ್ರಿಗೆ ಒಂದೂವರೆ ಸಾಲು.
ಬೋರ್ಡಿನ ಮೇಲೆ ಬರೆದು, ಮುಖ್ಯ ಎಂದು
ಅಡಿಯಲ್ಲೊಂದು ಗೆರೆ ಎಳೆಯುತ್ತಿದ್ದೆ.
ಎಳೆಯುವಾಗ ಸೀಮೆಸುಣ್ಣ ಕಿರ್ ಎನ್ನುತ್ತಿತ್ತು,
ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಚಕ್ರ ನಿಂತಿತು. “ಬಂತು, ಬಂತು!”
ಎಲ್ಲರೂ ಓಡಿ ತಮ್ಮ ತಮ್ಮ ಚೀಲಗಳಾದರು.
ಇಂಗ್ಲೆಂಡು, ಫ್ರಾನ್ಸು, ಕಪ್ಪು ಸಾರು, ಕೊನೆಯ ಕಲ್ಲು
ನೆರಳಿನಲ್ಲೇ ಬಿದ್ದಿದ್ದವು.

ಉಮ್ಮಕ್ಕೆಯ ಸರದಿ.
ನಲವತ್ತು ವರ್ಷ ಬೀಡಿ ಸುತ್ತಿ
ಗೆರೆಗಳೆಲ್ಲ ಎಲೆಗೆ ಹೋದ ಹೆಬ್ಬೆರಳು.
ಮೆಷಿನ್ ಓದಿತು, ಇಂಥವರು ಇಲ್ಲ ಎಂದಿತು.
“ತಲೆಗೆ ಉಜ್ಜಿ ಒತ್ತಿ” ಎಂದ ಸುಧಾಕರ.
ಉಜ್ಜಿದಳು. ಒತ್ತಿದಳು. ಮತ್ತೆ ಇಲ್ಲ.

ಆಕೆ ತಿರುಗಿ ನೇರ ನನ್ನ ಮುಖ ನೋಡಿದಳು.
ಉತ್ತರ ಹುಡುಕುತ್ತ ಗಂಟಲು ಸರಿಮಾಡಿಕೊಂಡೆ.

“ಈ ಚೀಲ ಒಮ್ಮೆ ಹಿಡ್ಕೊಳ್ಳಿ ಟೀಚರೇ” ಅಂದಳು,
“ಎಡಗೈಯದ್ದೂ ನೋಡ್ಬೇಕಂತೆ.”