ಕಡತ ೪೧೭, ಸುಂಕದ ಮನೆ

ಮೂರು ತಿಂಗಳಿಗೊಮ್ಮೆ ಬರುತ್ತಾಳೆ ಮಿಲೋಯ್ಕಾ
ಸರ್ಕಾರದ ಕೀಲಿಗೊಂಚಲು ಹಿಡಿದು.
ಸ್ಲೊವೇನಿಯಾ ಮುಗಿದು ಇಟಲಿ ಶುರುವಾಗುವಲ್ಲಿ
ಗಡಿಯೇ ಎದ್ದುಹೋದ ಮೇಲೂ
ಎದ್ದುಹೋಗಲಾರದೆ ಕೂತ ಸುಂಕದ ಮನೆ.

ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮು, ಆಮೇಲೆ ತುಕ್ಕು, ಆಮೇಲೆ ನೀರು.
ಯಾರೂ ಕುಡಿಯದಿದ್ದರೂ ಕೊಳವೆ ಒಣಗಬಾರದು, ನಿಯಮ.
ಸೋರಿಕೆ: ಎರಡು ಕಡೆ.
ಹರಾಜು: ಮೂರು ಸಲ. ಕೂಗಿದವರು: ಇಲ್ಲ.
ವಾಸವಿರುವವರು:
ಪೆನ್ನು ತುಸು ತಡೆಯಿತು.

ಇದೇ ಕಿಂಡಿಯೆದುರು ಅವಳಮ್ಮ
ಟ್ರಿಯೆಸ್ಟೆಯ ಕಾಫಿಬೀಜ ಲಂಗದೊಳಗೆ ಕಟ್ಟಿಕೊಂಡು
ಏಳು ತಿಂಗಳ ಬಸುರಿಯಂತೆ ನಿಂತಿದ್ದಳು.
"ಎಷ್ಟು ಕಿಲೋ?" ಕೇಳಿದನಂತೆ ಅವನು, ಮೂಗರಳಿಸಿ.
ಅಮ್ಮ ಸಾಯುವತನಕ ಅವನ ದನಿ ಅಣಕಿಸಿ ನಗುತ್ತಿದ್ದಳು.

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಸುಂಕದವನೇ ಇಲ್ಲವಲ್ಲ ಈಗ.
ಮಿಲೋಯ್ಕಾ ಬಗ್ಗಿ
ಗಾಜಿನ ತೂತಿಗೆ ಬಾಯಿಟ್ಟು
"ಫೆಬ್ರವರಿಯಲ್ಲಿ ಹೋದಳು" ಎಂದಳು.
ಒಳಗೆ ಗೋಡೆಯಲ್ಲಿ
ಎರಡು ಸಾವಿರದ ಏಳರ ಡಿಸೆಂಬರ್
ಇನ್ನೂ ಮುಗಿದಿರಲಿಲ್ಲ.

ತಲೆಯ ಮೇಲೆ ಏನೋ ಚಿಲಿಗುಟ್ಟಿತು.
ಕಾಗದ ಗೋಡೆಗೊತ್ತಿ, ಷರಾ ಎಂಬಲ್ಲಿ ಬರೆದಳು:
ಅಂಬರಗುಬ್ಬಿ, ಒಂದು ಸಂಸಾರ.
ಮರಿಗಳು ಹಾರುವತನಕ ಹರಾಜು ಬೇಡ.

ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು.
ಮೀನಿನ ಲಾರಿಯೊಂದು ನಿಧಾನಿಸದೆ
ದೇಶ ದಾಟಿತು.