ಎರಡನೇ ಸಾಲು, ಎಡದಿಂದ ಮೂರನೆಯವನು

ಅರಸೀಕೆರೆ ಬಿಡಲು ಹದಿನೈದು ದಿನವಿತ್ತು,
ನನ್ನ ದನಿ ಒಡೆಯಿತು.
ಟಿಕೆಟ್ ಆಗಿತ್ತು, ಬ್ಲೇಜರ್ ಹೊಲಿಸಿಯಾಗಿತ್ತು,
ವೀಸಾದ ಫೋಟೋದಲ್ಲಿ ಇನ್ನೂ ಹಳೇ ದನಿಯ ಮುಖ.

"ಬಾಯಿ ಆಡಿಸು ಸಾಕು, ಲ್ಯಾನ್ಸಿ" ಅಂದರು ಸೆಲಿನ್ ಮಿಸ್ಸು.
ಬೈಯಲಿಲ್ಲ. ಅದೇ ಕಷ್ಟವಾಯಿತು.

ಪೆನಾಂಗಿನ ಸಭಾಂಗಣದಲ್ಲಿ ಆಡಿಸಿದೆ,
ಮೂವತ್ತೊಂದು ಕೊರಳಿನ ನಡುವೆ
ನೀರು ಬಿಡದ ದಿನದ ನಲ್ಲಿಯ ಹಾಗೆ.
ಉಸಿರು ಮಾತ್ರ ಸರಿಯಾದ ಜಾಗದಲ್ಲೇ ಎಳೆದೆ;
ಪಕ್ಕದ ಮುದಸ್ಸಿರ್ ಅದನ್ನು ನೋಡಿಕೊಂಡೇ ಹಾಡಿದ.
ಚಪ್ಪಾಳೆ ನನ್ನ ಮೇಲೂ ಬಿತ್ತು.

ರೈಲ್ವೆ ಕ್ವಾರ್ಟರ್ಸಿನಲ್ಲಿ ಅಮ್ಮ
ವಿಡಿಯೋ ಎಷ್ಟು ಸಲ ನೋಡಿದ್ದಳೋ.
ಕಾಯಿ ತುರಿಯುತ್ತಾ ಅಂದಳು:
"ಎಲ್ಲರದಕ್ಕಿಂತ ನಿನ್ನ ದನಿಯೇ ಎದ್ದು ಕೇಳ್ತಿತ್ತು ಕಣೋ."

ಹೂಂ, ಅಂದೆ.

ತುರಿಯುವುದು ನಿಲ್ಲಿಸಿ
ಬಾಗಿಲ ಕಡೆ ನೋಡಿದಳು,
ಯಾರು ಬಂದರು ಅಂತ.