ಕಚ್ಚು

ಬೆಟಗೇರಿಯ ಆ ಓಣಿಯಲ್ಲಿ
ಮಗ್ಗದ ಸದ್ದು ನಿಂತರೆ ಎಳೆಗೂಸಿಗೆ ಎಚ್ಚರಾಗುತ್ತಿತ್ತು.
ಅಂಬಾಸಾ ಕಾಕಾ ಸದ್ದು ಮಾಡುವವನಲ್ಲ.
ಚೌಕಳಿ ಹಾಳೆ ಹಾಸಿ, ಒಂದು ಮೊಣಕಾಲು ಎತ್ತಿ ಕೂತು
ಸೀರೆಯ ದಡಿಗೆ ನಕ್ಷೆ ಬರೆಯುವವನು.
ಒಂದು ಮನೆ ಅಂದರೆ ಒಂದು ಎಳೆ.
ಒಂದು ಮನೆ ತಪ್ಪಿದರೆ
ಆರು ವಾರಿಯೂ ತಪ್ಪು.

ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ
ಹನ್ನೆರಡು ಬಣ್ಣದ ಪೆನ್ಸಿಲು.
ಕೆಂಪು ಹೆಬ್ಬೆರಳಿನಷ್ಟು,
ಹಸಿರು ಅದಕ್ಕಿಂತ ತುಸು ಉದ್ದ,
ಬಿಳಿಯದು ಮಾತ್ರ ಇನ್ನೂ ಗೇಣುದ್ದ,
ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ದೂರದ ನೆಂಟನ ಹಾಗೆ.
"ಇದೇನು ಕೆಲಸಕ್ಕ ಬರತೈತಿ ಕಾಕಾ?"
"ಜಗಳ ಬಿಡಸಾಕ."
ಎರಡು ಬಣ್ಣ ಕಾದಾಡುವಲ್ಲಿ
ಬಿಳಿಯನ್ನು ಒತ್ತಿ ತಿಕ್ಕುತ್ತಿದ್ದ,
ಕಾಗದದ ತರಿ ಮುಚ್ಚಿ
ರೇಷ್ಮೆಯ ಹೊಳಪು ಏಳುವ ತನಕ.

ಕೆತ್ತುವುದು ನನ್ನ ಪಾಲಿನ ಕೆಲಸ, ಸಾಲಿ ಬಿಟ್ಟ ಮೇಲೆ.
ಅರ್ಧ ಬ್ಲೇಡು, ಉಡಿಯಲ್ಲಿ ಹಳೇ ಪೇಪರು.
ಅಂಚಿಗೆ ಬಣ್ಣ ಮೆತ್ತಿದ ಸುರುಳಿ ಸಿಪ್ಪೆ
ಲಂಗದ ಕಿಸೆಯಲ್ಲಿ ಒಗೆಯುವವರೆಗೂ ಇರುತ್ತಿತ್ತು.
ಕೆಲವು ಪೆನ್ಸಿಲಿನ ಹಿಂದುಗಡೆ ಸಣ್ಣ ಸಣ್ಣ ಕಚ್ಚು,
ಒಂದಕ್ಕೆ ಒಂದು, ಒಂದಕ್ಕೆ ಮೂರು.
ಇಲಿ ಕಡಿದಿರಬೇಕು ಅಂದುಕೊಂಡಿದ್ದೆ.

ಒಂದು ದಿನ ಹುಕಿ ಬಂತು:
ಎರಡೂ ತುದಿ ಕೆತ್ತಿದರೆ ಒಂದು ಪೆನ್ಸಿಲು ಎರಡಾಗುತ್ತದಲ್ಲ!
ಹನ್ನೆರಡನ್ನೂ ಕೆತ್ತಿಟ್ಟು ಆಡಲು ಓಡಿದೆ.

ತಿಂಗಳೊಪ್ಪತ್ತಿಗೆ ಮಗ್ಗದಿಂದ ಇಳಿದ ಸೀರೆಯ ತುಂಬ
ಗಿಳಿಗಳು ಕೆಂಪಗೆ, ಕೊಕ್ಕು ಹಸಿರು.
ನಕ್ಷೆ ಇದ್ದ ಹಾಗೆ ನೇಯುವವನು
ಗಿಳಿಯನ್ನು ಕೇಳುವುದಿಲ್ಲ.
ಸಾವಕಾರ ಬಂದ, ಬೈದ, ನಕ್ಕ, ಮತ್ತೆ ಬೈದ.
ಕಾಕಾ ಸೀರೆಯನ್ನು ಬಾಗಿಲಿನ ಬೆಳಕಿಗೆ ಹಿಡಿದ,
ತಿರುವಿದ, ಮೂಸಿಯೂ ನೋಡಿದ.
ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು
ಬಹಳ ಮೆಲ್ಲಗೆ,
"ಖರೇ ಹೇಳವಾ ರುಕುಮಾ,
ಗಿಳಿ ಈಗ ಯಾವ ಬಣ್ಣ ಅದಾವು?"

ಅದಕ್ಕೇ ಏನು,
ಒಣ ಮೆಣಸಿನಕಾಯಿಯನ್ನು ಕಿವಿಗೆ ಹಿಡಿದು
ಬೀಜ ಅಲುಗಿಸಿ ಕೊಳ್ಳುತ್ತಿದ್ದುದು?
ಮುಳಗುಂದ ನಾಕಾದಲ್ಲಿ ದೀಪ ನೋಡದೆ
ಪಕ್ಕದವನ ಸೈಕಲ್ ನೋಡಿ ದಾಟುತ್ತಿದ್ದುದು?
ಡಬ್ಬಿ ಕೊಡುವಾಗ ಪ್ರತಿ ಸಲ
"ಮುಂದಿನ ತುದಿ ಅಷ್ಟ" ಅನ್ನುತ್ತಿದ್ದುದು?
ನಲವತ್ತು ವರ್ಷ ಊರಿಗೆ ಬಣ್ಣ ಉಡಿಸಿದವನಿಗೆ
ಕೆಂಪು, ಹಸಿರು, ಎರಡೂ
ಅದೇ ಒಣಹುಲ್ಲು.

ನಾನು ಅಳುತ್ತಿದ್ದೆ. ಬ್ಲೇಡು ಕೈಗಿಟ್ಟು
"ಹಾಕು ಮತ್ತ" ಅಂದ.
"ಕೆಂಪಿಗೆ ಒಂದು. ಹಸರಿಗೆ ಎರಡು. ಕಂದಿಗೆ ಮೂರು.
ಹಳದಿ, ನೀಲಿಗೆ ಬ್ಯಾಡ, ಅವು ತಾವ ಕಾಣತಾವು."
ಯಾರಿಗೂ ಹೇಳಬೇಡ ಎಂದು ಅವನು ಹೇಳಲಿಲ್ಲ.
ನಾನೂ ಹೇಳಲಿಲ್ಲ, ಇಷ್ಟು ವರ್ಷ.
ಆ ಗಿಳಿಗಳ ಒಂದು ಸೀರೆ
ಅವ್ವನ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದೆ.
ಉಟ್ಟಿದ್ದು ಎರಡೇ ಸಲ.

ಈಗ ಹುಬ್ಬಳ್ಳಿಯಲ್ಲಿ, ನನ್ನ ಮೇಜಿನ ಮೇಲೆ
ಎಪ್ಪತ್ತೆರಡು ಬಣ್ಣದ ಡಬ್ಬಿ.
ಎರೆಹೊಲ ಬರೆಯುವಾಗ ಕಪ್ಪನ್ನು ಮುಟ್ಟುವುದಿಲ್ಲ.
ನೀಲಿಯ ಮೇಲೆ ಕಂದು, ಕಂದಿನ ಮೇಲೆ ನೇರಳೆ,
ಎಲ್ಲೋ ಅಡಿಯಲ್ಲಿ ಚೂರು ಕೆಂಪು,
ಒತ್ತದೆ, ಹಗುರಾಗಿ, ಏಳೆಂಟು ಪದರು.
ರಬ್ಬರಿಗೆ ಪೂರ್ತಿ ಬಗ್ಗದ ಬಣ್ಣ ಇದು;
ಮೊದಲ ಪದರಿನ ತಪ್ಪು
ಕೊನೆಯವರೆಗೂ ಒಳಗೇ ಬೆಚ್ಚಗಿರುತ್ತದೆ.

ಹೊಸ ಡಬ್ಬಿ ತೆರೆದರೆ ಮೊದಲು ಬ್ಲೇಡು ಹುಡುಕುತ್ತೇನೆ.
ಕೆಂಪಿಗೆ ಒಂದು. ಹಸಿರಿಗೆ ಎರಡು.
ನನಗೇನೋ ಎರಡೂ ಕಾಣುತ್ತವೆ.
ಆದರೂ ಇರಲಿ,
ಕರೆಂಟು ಹೋದ ಸಂಜೆ
ಬೆರಳು ಯಾರನ್ನೂ ಕೇಳಬಾರದು.